ಬ್ರಿಡ್ಜ್: ಎರಡು ಕ್ಯಾಪೋ, ಎರಡು ರೆಕ್ಕೆಯೋ, ಒಂದೇ ರೆಕ್ಕೆಯೋ?

ಒಂದು ಹಲ್ಲು ಹೋಗಿದೆ, ಇಂಪ್ಲಾಂಟ್ (ದವಡೆಯ ಮೂಳೆಗೆ ಕೂರಿಸುವ ಕೃತಕ ಬೇರು) ಬೇಡ ಅಂತ ತೀರ್ಮಾನವಾಗಿದೆ. ಇನ್ನು ಅಕ್ಕಪಕ್ಕದ ಹಲ್ಲುಗಳ ಆಸರೆಯಲ್ಲೇ ಖಾಲಿ ಜಾಗ ತುಂಬಬೇಕು, ಅಂದರೆ ಬ್ರಿಡ್ಜ್. ದಂತವೈದ್ಯೆಯಾಗಿ ಮೂರು ಬಗೆಯ ಬ್ರಿಡ್ಜನ್ನೂ ಕೂರಿಸಿದ್ದೇನೆ, ವರ್ಷಗಳ ಮೇಲೆ ಅವುಗಳಿಗೆ ಏನಾಯಿತೆಂದೂ ನೋಡಿದ್ದೇನೆ. ಲೋಹದ ರೆಕ್ಕೆಯದೊಂದನ್ನು ಬಿಟ್ಟರೆ ಚೆಂದದಲ್ಲಿ ಈಗ ದೊಡ್ಡ ವ್ಯತ್ಯಾಸವಿಲ್ಲ. ಹಾಗಾಗಿ ನಾನು ನೋಡುವುದು ಎರಡೇ: ಕೂರಿಸಲು ಎಷ್ಟು ಒಳ್ಳೆಯ ಹಲ್ಲನ್ನು ತೇಯಬೇಕು, ಮತ್ತು ಕೆಡುವ ದಿನ ಬಂದಾಗ ಅದು ಹೇಗೆ ಕೆಡುತ್ತದೆ.

ಎರಡೂ ಬದಿಗೆ ಕ್ಯಾಪ್ ಇರುವ ಬ್ರಿಡ್ಜ್ ಎಲ್ಲರಿಗೂ ಗೊತ್ತಿರುವಂಥದ್ದು. ಅದಕ್ಕೆ ಆಸರೆ ಹಲ್ಲಿನ ಸುತ್ತ ಸುಮಾರು 1ರಿಂದ 1.5 ಮಿ.ಮೀ., ಜಗಿಯುವ ಮೈಯಲ್ಲಿ 1.5ರಿಂದ 2 ಮಿ.ಮೀ. ತೇಯಬೇಕಾಗುತ್ತದೆ. ಹಲ್ಲಿನ ಗಟ್ಟಿ ಹೊರಪದರವಾದ ಎನಾಮಲ್ ಬಹುಪಾಲು ಹೋಗಿ ಅದರ ಕೆಳಗಿನ ಮೆದು ಪದರ ಡೆಂಟಿನ್ ತೆರೆದುಕೊಳ್ಳುತ್ತದೆ. ಎರಡೂ ಹಲ್ಲು ಒಂದೇ ದಿಕ್ಕಿಗೆ ನಿಲ್ಲದಿದ್ದರೆ ಬ್ರಿಡ್ಜ್ ಇಳಿಯುವುದೇ ಇಲ್ಲ. ಕೆಳಗಿನ ಮೊದಲ ದವಡೆಹಲ್ಲು ಕಿತ್ತು ಬಹಳ ಕಾಲವಾಗಿದ್ದರೆ ಹಿಂದಿನದು ಮುಂದಕ್ಕೆ ವಾಲಿರುತ್ತದೆ. ಆ ಓರೆ ಸರಿಮಾಡಲು ಇನ್ನಷ್ಟು ತೇಯಲು ಹೋದರೆ ನರದ ಬುಡಕ್ಕೇ ಬರುತ್ತೇವೆ. ಮೊದಲು ಅಚ್ಚು ಮತ್ತು ಎಕ್ಸ್-ರೇ ತೆಗೆದು ನೋಡಿಕೊಳ್ಳದೆ ಬರ್ (ಹಲ್ಲು ತೇಯುವ ಮೊನೆ) ಹಿಡಿಯಬಾರದು ಅನ್ನುವುದು ಇದಕ್ಕೇ.

ಇದು ಕೆಡುವ ರೀತಿ ಮಾತ್ರ ನನಗೆ ಸಮಾಧಾನ ತರುವುದಿಲ್ಲ. ಒಂದು ಕ್ಯಾಪಿನ ಸಿಮೆಂಟ್ ಬಿಟ್ಟರೂ ಇನ್ನೊಂದು ಗಟ್ಟಿಯಾಗಿ ಹಿಡಿದಿರುತ್ತದೆ. ನೋವಿಲ್ಲ, ಅಲುಗಾಟವಿಲ್ಲ, ಬಾಯಲ್ಲಿ ಸ್ವಲ್ಪ ಕೆಟ್ಟ ರುಚಿ, ಅಷ್ಟೆ. ತಪಾಸಣೆಯಲ್ಲಿ ಅಂಚನ್ನು ಒದ್ದೆ ಮಾಡಿ ಬ್ರಿಡ್ಜನ್ನು ಒತ್ತಿ ಬಿಟ್ಟಾಗ ಕ್ಯಾಪಿನ ಬುಡದಲ್ಲಿ ಸಣ್ಣ ಗುಳ್ಳೆಗಳು ಎದ್ದರೆ ಒಳಗೆ ಜೊಲ್ಲು ಓಡಾಡುತ್ತಿದೆ ಎಂದೇ ಅರ್ಥ. ಅಷ್ಟು ಹೊತ್ತಿಗೆ ಹುಳುಕು ಎಷ್ಟು ದೂರ ಹೋಗಿದೆಯೋ ಹೇಳಲಾಗದು.

ಎರಡು ರೆಕ್ಕೆಯ ಮೇರಿಲ್ಯಾಂಡ್ ಬ್ರಿಡ್ಜ್ ಬಂದದ್ದು 1980ರ ದಶಕದ ಆರಂಭದಲ್ಲಿ, ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದಿಂದ. ಹಲ್ಲನ್ನು ಹೆಚ್ಚು ತೇಯದೆ ಹಿಂಬದಿಗೆ ತೆಳು ಲೋಹದ ರೆಕ್ಕೆ ಅಂಟಿಸುವ ಉಪಾಯ. ಆದರೆ ಕಚ್ಚುವಾಗ ಎರಡು ಆಸರೆ ಹಲ್ಲು ಒಂದೇ ಕಡೆಗೆ ಅಲುಗುವುದಿಲ್ಲ. ಆ ಎಳೆದಾಟದಲ್ಲಿ ಒಂದು ರೆಕ್ಕೆ ಬಿಡುತ್ತದೆ, ಇನ್ನೊಂದು ಹಿಡಿದಿರುತ್ತದೆ, ಮತ್ತೆ ಅದೇ ಕಾಣದ ಹುಳುಕು. ತೆಳುವಾದ ಬಾಚಿಹಲ್ಲಿನಲ್ಲಿ ಲೋಹದ ಬೂದು ಛಾಯೆ ಮುಂದಕ್ಕೂ ಹಾಯುತ್ತದೆ. ಈಗ ನಾನು ಇದನ್ನು ಮಾಡುವುದಿಲ್ಲ.

ಒಂದೇ ರೆಕ್ಕೆಯದು ಕೇಳಲು ದುರ್ಬಲ ಅನ್ನಿಸುತ್ತದೆ. ಮುಂಭಾಗದಲ್ಲಿ ನನ್ನ ಮೊದಲ ಆಯ್ಕೆ ಅದೇ. ಮೇಲಿನ ಎರಡನೇ ಬಾಚಿಹಲ್ಲು ಇಲ್ಲದಿದ್ದರೆ ಕೋರೆಹಲ್ಲಿಗೋ ನಡುವಿನ ಬಾಚಿಹಲ್ಲಿಗೋ ಜಿರ್ಕೋನಿಯಾ ಎಂಬ ಗಟ್ಟಿ ಬಿಳಿ ಸೆರಾಮಿಕ್ಕಿನ ರೆಕ್ಕೆ ಅಂಟಿಸಿ, ಕೃತಕ ಹಲ್ಲನ್ನು ಅದರ ಪಕ್ಕಕ್ಕೆ ತೂಗುಬಿಡುತ್ತೇವೆ. ಆಸರೆ ಹಲ್ಲು ಎತ್ತ ಅಲುಗಿದರೂ ಅದೂ ಜೊತೆಗೇ ಅಲುಗುತ್ತದೆ, ಎಳೆದಾಟಕ್ಕೆ ಎರಡನೆಯವರೇ ಇಲ್ಲ. ಅಂಟು ಬಿಟ್ಟರೆ ಕೈಗೇ ಬರುತ್ತದೆ. ಮುಚ್ಚಿಟ್ಟ ಹುಳುಕಿಗೆ ಜಾಗವಿಲ್ಲ, ಸಾಮಾನ್ಯವಾಗಿ ಅದನ್ನೇ ಶುಚಿಮಾಡಿ ಮತ್ತೆ ಅಂಟಿಸಬಹುದು. ಷರತ್ತುಗಳು ಕಟ್ಟುನಿಟ್ಟು: ಅಂಟಲು ಒಳ್ಳೆಯ ಎನಾಮಲ್ ಇರಬೇಕು, ರೆಕ್ಕೆಯ ದಪ್ಪಕ್ಕೆ ಕಚ್ಚಿನಲ್ಲಿ ಜಾಗ ಬೇಕು, ದವಡೆ ಪಕ್ಕಕ್ಕೆ ಸರಿಯುವಾಗ ಕೃತಕ ಹಲ್ಲಿಗೆ ಎದುರಿನದು ತಾಗಬಾರದು. ಅಂಟಿಸುವಾಗ ಜೊಲ್ಲು ತಾಗದಂತೆ ಹಲ್ಲಿನ ಸುತ್ತ ಹಾಸುವ ರಬ್ಬರ್ ಹಾಳೆ, ರಬ್ಬರ್ ಡ್ಯಾಂ, ಹಾಕಲೇಬೇಕು. ನಿದ್ದೆಯಲ್ಲಿ ಹಲ್ಲು ಕಡಿಯುವವರಿಗೆ ನಾನು ಇದನ್ನು ಹೇಳುವುದಿಲ್ಲ.

ದವಡೆಹಲ್ಲಿಗೆ ಬಂದರೆ ಎರಡು ಕ್ಯಾಪಿನದೇ ಸೈ, ಅದರಲ್ಲೂ ಪಕ್ಕದ ಹಲ್ಲುಗಳಿಗೆ ಈಗಾಗಲೇ ದೊಡ್ಡ ಫಿಲ್ಲಿಂಗ್ ಅಥವಾ ಕ್ಯಾಪ್ ಇದ್ದರೆ. ಎರಡೂ ಕಡೆ ಹಲ್ಲು ಒಂದು ಚುಕ್ಕೆಯಿಲ್ಲದೆ ಇದ್ದಾಗ ಮಾತ್ರ ಬರ್ ಇಡಲು ಮನಸ್ಸು ಬರುವುದಿಲ್ಲ. ಇಂಪ್ಲಾಂಟ್ ಮಾತನ್ನು ಮತ್ತೊಮ್ಮೆ ಎತ್ತುತ್ತೇನೆ.

ಉದ್ದದ ಲೆಕ್ಕವೂ ಇದೆ. ಬ್ರಿಡ್ಜ್ ಎರಡು ಆಸರೆಯ ನಡುವಿನ ತೊಲೆಯಂತೆ. ತೊಲೆ ಬಾಗುವುದು ಉದ್ದದ ಘನಕ್ಕೆ ಅನುಗುಣವಾಗಿ: ಒಂದು ಹಲ್ಲಿನ ಜಾಗ ಎರಡಾದರೆ ಬಾಗು 8 ಪಟ್ಟು, ಮೂರಾದರೆ 27 ಪಟ್ಟು. ಎತ್ತರ ಹೆಚ್ಚಿದರೆ ಅದೇ ಲೆಕ್ಕದಲ್ಲಿ ಬಾಗು ಕಡಿಮೆಯಾಗುತ್ತದೆ. ಅದಕ್ಕೇ ಲ್ಯಾಬಿನವರು ಹಲ್ಲುಗಳ ನಡುವಿನ ಜೋಡಣೆಯನ್ನು ಎತ್ತರವಾಗಿಸಲು ನೋಡುತ್ತಾರೆ. ಹಿಂಭಾಗದ ಮೂರು ಹಲ್ಲಿನ ಜಿರ್ಕೋನಿಯಾ ಬ್ರಿಡ್ಜಿಗೆ ಆ ಜೋಡಣೆಯ ಅಡ್ಡಕೊಯ್ತ ಸುಮಾರು 9 ಚದರ ಮಿ.ಮೀ. ಆದರೂ ಇರಬೇಕು. ಆದರೆ ಎತ್ತರಿಸಿದಷ್ಟೂ ಒಸಡಿನ ಮೇಲಿನ ಸಂದು ಮುಚ್ಚುತ್ತದೆ, ಬ್ರಷ್ ಹೋಗುವುದಿಲ್ಲ. ಲ್ಯಾಬಿನೊಂದಿಗೆ ನನ್ನ ಹೆಚ್ಚಿನ ವಾದ ನಡೆಯುವುದು ಈ ಅರ್ಧ ಮಿ.ಮೀ.ಗಾಗಿಯೇ.

ಕೃತಕ ಹಲ್ಲಿನ ತಳ ಒಸಡಿನ ಮೇಲೆ ತಡಿಯಂತೆ ಹೇರಿಕೊಂಡು ಕೂರಬಾರದು. ಉಬ್ಬಾಗಿ, ನುಣುಪಾಗಿ, ಒತ್ತದೆ ತಾಗಬೇಕು. ಇದನ್ನು ತಾತ್ಕಾಲಿಕ ಬ್ರಿಡ್ಜಿನಲ್ಲೇ ಪರೀಕ್ಷಿಸಿಕೊಳ್ಳಿ. ಗಟ್ಟಿ ತುದಿಯಿರುವ, ಹಲ್ಲಿನ ಸಂದು ಶುಚಿಮಾಡುವ ಸೂಪರ್‌ಫ್ಲಾಸ್ ದಾರವನ್ನು ಕನ್ನಡಿ ಮುಂದೆ ನೀವೇ ಅದರ ಅಡಿಯಲ್ಲಿ ತೂರಿಸಿ ನೋಡಿ. ದಾರ ಹೋಗದಿದ್ದರೆ, ಅಥವಾ ಸಿಕ್ಕಿ ಎಳೆ ಬಿಚ್ಚಿದರೆ, ಅಂತಿಮ ಬ್ರಿಡ್ಜಿನ ಆಕಾರ ಬದಲಿಸಲು ಅಂದೇ ವೈದ್ಯರಿಗೆ ಹೇಳಿ. ಪಕ್ಕಾ ಸಿಮೆಂಟ್ ಹಾಕಿದ ಮೇಲೆ ಆ ಅಡಿಭಾಗಕ್ಕೆ ಯಾರ ಕೈಯೂ ಸರಿಯಾಗಿ ಹೋಗುವುದಿಲ್ಲ.