ಲೈಪ್‌ಜಿಗ್‌ನ ಸ್ಟೂಡೆಂಟ್ ಹಾಸ್ಟೆಲ್: ರೂಮು ಚೆನ್ನಾಗಿದೆ, ಬಟ್ಟೆ ಎಲ್ಲಿ ಒಣಗಿಸೋದು?

ಜರ್ಮನಿಯ ಈ ಊರಿಗೆ ಬರುವ ಮುಂಚೆ ನಾನು ಓದಿದ ವಿಮರ್ಶೆಗಳಲ್ಲಿ ಟ್ರಾಮ್ ಸ್ಟಾಪು ಎಷ್ಟು ದೂರ, ಇಂಟರ್ನೆಟ್ ಎಷ್ಟು ವೇಗ, ಅಡುಗೆಮನೆ ಎಷ್ಟು ಜನಕ್ಕೆ ಅನ್ನೋದೇ ತುಂಬಿತ್ತು. ಅದೆಲ್ಲ ಹಾಸ್ಟೆಲ್ ವೆಬ್‌ಸೈಟಿನಲ್ಲೇ ಇದೆ, ಮತ್ತೆ ಬರೆಯುವುದಿಲ್ಲ. ಒಗೆದ ಬಟ್ಟೆ ಎಲ್ಲಿ ಒಣಗಿಸೋದು ಅಂತ ಮಾತ್ರ ಒಬ್ಬರೂ ಬರೆದಿರಲಿಲ್ಲ. ಮೊದಲ ಚಳಿಗಾಲದಲ್ಲಿ ನನ್ನ ನೆಮ್ಮದಿ ಕೆಡಿಸಿದ್ದು ಇದೊಂದೇ ವಿಷಯ.

ದುಡ್ಡಿನ ಮಾತು ಮೊದಲು ಮುಗಿಸುತ್ತೇನೆ. ವೀಸಾಕ್ಕೆ ಬ್ಲಾಕ್ಡ್ ಅಕೌಂಟಿನಲ್ಲಿ, ಅಂದರೆ ತಿಂಗಳಿಗೆ ಇಷ್ಟೇ ಅಂತ ತೆಗೆಯಲು ಬಿಡುವ ಖಾತೆಯಲ್ಲಿ, 11,904 ಯೂರೋ ಇಟ್ಟಿದ್ದೆ. ಅದರಿಂದ ತಿಂಗಳಿಗೆ ಕೈಗೆ ಬರೋದು 992. ಆರೋಗ್ಯ ವಿಮೆಗೆ ಸುಮಾರು 145 ಹೋಗುತ್ತದೆ. ರೂಮಿಗೆ 290, ಅದರಲ್ಲಿ ಹೀಟಿಂಗ್, ಕರೆಂಟು, ನೀರು, ಇಂಟರ್ನೆಟ್ ಎಲ್ಲ ಸೇರಿದೆ. ರೇಡಿಯೋ-ಟಿವಿ ಶುಲ್ಕ 18.36 ಯೂರೋ, ಅದು ತಲೆಗಲ್ಲ, ಮನೆಗೆ. ನಮ್ಮ ಫ್ಲಾಟಿನಲ್ಲಿ ನಾಲ್ವರು ಹಂಚಿಕೊಳ್ಳುತ್ತೇವೆ, ಒಬ್ಬರಿಗೆ 4.59 ಬೀಳುತ್ತದೆ. ಬಂದ ಎರಡು ವಾರದೊಳಗೆ ವಿಳಾಸ ನೋಂದಾಯಿಸಬೇಕು ಅನ್ನೋ ಕಾನೂನಿದೆ. ಅದಕ್ಕೆ ಬೇಕಾದ ಪತ್ರವನ್ನು ಕೀ ಕೊಡುವಾಗಲೇ ಕೊಟ್ಟರು. ಇಷ್ಟರವರೆಗೆ ಪೂರ್ತಿ ಖುಷಿ.

ಆಮೇಲೆ ನೆಲಮಾಳಿಗೆಗೆ ಇಳಿದೆ. ವಾಷಿಂಗ್ ಮಷೀನುಗಳು ಒಳ್ಳೆಯವೇ. ಬಾಗಿಲಿಗೆ ಅಂಟಿಸಿದ ಪಟ್ಟಿಯಲ್ಲಿ ರೂಮ್ ನಂಬರ್ ಬರೆದು ಸಮಯ ಹಿಡಿಯಬೇಕು, ಒಂದು ಸಲಕ್ಕೆ 2.50 ಯೂರೋ. ರಾತ್ರಿ ಹತ್ತರ ಮೇಲೆ ಮತ್ತು ಭಾನುವಾರ ಓಡಿಸುವ ಹಾಗಿಲ್ಲ, ಹಾಗಾಗಿ ಶನಿವಾರ ಸಿಕ್ಕಾಪಟ್ಟೆ ನೂಕುನುಗ್ಗಲು. ನಾನು ಮಂಗಳವಾರ ಸಂಜೆ ಹಿಡಿಯುತ್ತೇನೆ. ನೀರಿನ ಖಾಲಿ ಬಾಟಲಿಗೆ ಸೂಪರ್‌ಮಾರ್ಕೆಟ್ಟಿನಲ್ಲಿ 25 ಸೆಂಟ್ ಡೆಪಾಸಿಟ್ ವಾಪಸ್ ಬರುತ್ತದೆ. ಫ್ಲಾಟಿನವರ ಬಾಟಲಿಗಳನ್ನೆಲ್ಲ ನಾನೇ ಹೊತ್ತುಕೊಂಡು ಹೋಗುತ್ತೇನೆ. ಹತ್ತು ಬಾಟಲಿಗೆ ಒಂದು ಸಲದ ಬಟ್ಟೆ ಒಗೆದ ಹಾಗಾಯಿತು. ನನ್ನ ಬಜೆಟ್ಟಿಗೆ ಇದು ಸಣ್ಣದಲ್ಲ.

ತೊಂದರೆ ಇರೋದು ಡ್ರೈಯರಿನಲ್ಲಿ. ಇಡೀ ಕಟ್ಟಡಕ್ಕೆ ಒಂದೇ ಒಂದು, ಅದೂ ನಾನು ಬಂದಾಗಿನಿಂದ ಸರಿಯಿಲ್ಲ. ಬಟ್ಟೆ ಬಿಸಿಯಾಗುತ್ತದೆ, ಒಣಗುವುದಿಲ್ಲ, ದುಡ್ಡು ಮಾತ್ರ ಹೋಗುತ್ತದೆ. ಆಫೀಸಿಗೆ ಬರೆದರೆ ‘ದೂರು ದಾಖಲಾಗಿದೆ’ ಅಂತ ಉತ್ತರ. ಕೊನೆಗೆ ಎಲ್ಲರಂತೆ ನಾನೂ ಮಡಚುವ ಸ್ಟ್ಯಾಂಡ್ ತಂದು ರೂಮಿನಲ್ಲೇ ಹರವಿದೆ.

ಇದರಿಂದ ಏನಾಗುತ್ತದೆ ಅಂತ ಸ್ವಲ್ಪ ಬಿಡಿಸಿ ಹೇಳಬೇಕು. 20 ಡಿಗ್ರಿಯಲ್ಲಿ ಒಂದು ಘನ ಮೀಟರ್ ಗಾಳಿ ಹಿಡಿದಿಟ್ಟುಕೊಳ್ಳೋದು ಹೆಚ್ಚೆಂದರೆ 17 ಗ್ರಾಂ ನೀರು. ನನ್ನದು 16 ಚದರ ಮೀಟರಿನ ರೂಮು, ಒಳಗಿರೋದು ಸುಮಾರು 40 ಘನ ಮೀಟರ್ ಗಾಳಿ. ಅಂದರೆ 700 ಗ್ರಾಂ ನೀರಿಗೇ ಅದರ ಹೊಟ್ಟೆ ತುಂಬುತ್ತದೆ. 5 ಕಿಲೋ ಬಟ್ಟೆ ಮಷೀನಿನಿಂದ ಹೊರಬರುವಾಗ ಎರಡೂವರೆ ಲೀಟರಿನಷ್ಟು ನೀರು ಅದರಲ್ಲೇ ಉಳಿದಿರುತ್ತದೆ. ಆ ನೀರು ಹೋಗಿ ಕೂರೋದು ತಣ್ಣಗಿರುವ ಜಾಗದಲ್ಲಿ. ನನ್ನದು ಮೂಲೆ ರೂಮು, ಎರಡು ಗೋಡೆ ಹೊರಗಿನ ಚಳಿಗೆ ತಾಗಿವೆ. ಬೀರು ಹೊರಗೋಡೆಗೆ ಅಂಟಿಕೊಂಡೇ ಇತ್ತು, ಅದರ ಹಿಂದೆ ರೂಮಿನ ಬಿಸಿ ತಲುಪುತ್ತಿರಲಿಲ್ಲ. ಡಿಸೆಂಬರ್‌ನಲ್ಲಿ ಬೀರುವಿನ ಹಿಂದೆ ಕಪ್ಪು ಬೂಷ್ಟು ಕಾಣಿಸಿತು. ಸ್ವೆಟರಿಗೂ ಅದರದ್ದೇ ವಾಸನೆ.

ಫೋಟೋ ತೆಗೆದು ಆಫೀಸಿಗೆ ಕಳಿಸಿದೆ. ಇಲ್ಲಿ ಇಂಥದ್ದು ಕಂಡ ಕೂಡಲೇ ಮನೆ ಮಾಲೀಕರಿಗೆ ತಿಳಿಸೋದು ಬಾಡಿಗೆದಾರರ ಕರ್ತವ್ಯ, ಆದ್ದರಿಂದ ತಡ ಮಾಡಲಿಲ್ಲ. ಉತ್ತರವಾಗಿ ಬಂದದ್ದು ಎಲ್ಲರಿಗೂ ಕಳಿಸುವ ಒಂದು ಅಚ್ಚಾದ ಹಾಳೆ. ದಿನಕ್ಕೆ ಮೂರು ನಾಲ್ಕು ಸಲ ಕಿಟಕಿ ತೆರೆಯಿರಿ, ರೂಮಿನಲ್ಲಿ ಬಟ್ಟೆ ಒಣಗಿಸಬೇಡಿ. ಡ್ರೈಯರ್ ಬಗ್ಗೆ ಒಂದು ಅಕ್ಷರ ಇಲ್ಲ. ಇಲ್ಲಿ ಒಣಗಿಸಬೇಡಿ ಅನ್ನುವವರು ಎಲ್ಲಿ ಒಣಗಿಸಬೇಕು ಅಂತಲೂ ಹೇಳಬೇಕು ಅಲ್ವಾ? ಆ ವಾರವೇ ಈ ವಿಮರ್ಶೆ ಬರೆದಿದ್ದರೆ ಒಂದೇ ಒಂದು ಸ್ಟಾರ್ ಕೊಡುತ್ತಿದ್ದೆ.

ಆದರೂ ಆ ಹಾಳೆಯಲ್ಲಿದ್ದ ಕಿಟಕಿಯ ಮಾತು ನಿಜ. ಇಲ್ಲಿನ ಕಿಟಕಿಯ ಹಿಡಿಯನ್ನು ಮೇಲಕ್ಕೆ ತಿರುಗಿಸಿದರೆ ಮೇಲ್ಭಾಗ ಮಾತ್ರ ಒಳಕ್ಕೆ ವಾಲುತ್ತದೆ. ಚಳಿಗಾಲದಲ್ಲಿ ಹಾಗೆ ಗಂಟೆಗಟ್ಟಲೆ ಬಿಟ್ಟರೆ ಕಿಟಕಿ ಸುತ್ತಲ ಗೋಡೆ ತಣ್ಣಗಾಗುತ್ತದೆ, ಗಾಳಿ ಜಾಸ್ತಿ ಬದಲಾಗುವುದೂ ಇಲ್ಲ. ಹಿಡಿಯನ್ನು ಅಡ್ಡ ತಿರುಗಿಸಿ ಪೂರ್ತಿ ತೆರೆಯಬೇಕು, ಐದು ನಿಮಿಷ ಸಾಕು. ನಾನು ಬೆಳಗ್ಗೆ ಎದ್ದ ಕೂಡಲೇ ಹೀಟರ್ ಸೊನ್ನೆಗೆ ಇಳಿಸುತ್ತೇನೆ, ಕೆಟಲ್ ಹಾಕುತ್ತೇನೆ, ಕಿಟಕಿ ತೆರೆಯುತ್ತೇನೆ. ಎದುರಿನ ಅಡುಗೆಮನೆ ಕಿಟಕಿಯನ್ನೂ ತೆರೆದರೆ ಗಾಳಿ ಅತ್ತಿಂದಿತ್ತ ಹರಿಯುತ್ತದೆ. ಡಿಸೆಂಬರ್‌ನಲ್ಲಿ ಏಳೂವರೆಗೂ ಹೊರಗೆ ಕತ್ತಲೆಯೇ ಇರುತ್ತದೆ. ಜಾಕೆಟ್ ಹಾಕಿಕೊಂಡು ಕಿಟಕಿ ಪಕ್ಕ ಟೀ ಹಿಡಿದು ನಿಲ್ಲುತ್ತೇನೆ. ಮೇಜಿನ ಮೇಲಿನ ಪುಟ್ಟ ತೇವಾಂಶ ಮೀಟರ್ 68ರಿಂದ 45ಕ್ಕೆ ಇಳಿಯೋದನ್ನು ನೋಡೋದೇ ಒಂದು ಖುಷಿ. ಹೊರಗೆ ಮಳೆ ಬರುತ್ತಿದ್ದರೂ ಇದು ಕೆಲಸ ಮಾಡುತ್ತದೆ. ಸೊನ್ನೆ ಡಿಗ್ರಿಯ ಗಾಳಿಯಲ್ಲಿ ಘನ ಮೀಟರಿಗೆ 5 ಗ್ರಾಂ ನೀರೂ ಇರುವುದಿಲ್ಲ. ಒಳಗೆ ಬಂದು ಬಿಸಿಯಾದ ಮೇಲೆ ಅದು ತುಂಬಾ ಒಣ ಗಾಳಿ.

ಜನವರಿಯಲ್ಲಿ ಹೌಸ್‌ಮೈಸ್ಟರ್, ಅಂದರೆ ಕಟ್ಟಡ ನೋಡಿಕೊಳ್ಳುವವರು, ರೂಮಿಗೆ ಬಂದರು. ವಾದ ಮಾಡಲಿಲ್ಲ. ಗೋಡೆಗೆ ಕೈ ಒತ್ತಿ ನೋಡಿದರು, ಬೀರುವಿನ ಒಂದು ತುದಿ ತಾವೇ ಹಿಡಿದು ಗೋಡೆಯಿಂದ ಒಂದು ಗೇಣು ಮುಂದಕ್ಕೆ ಎಳೆಸಿದರು. ಮಾರನೇ ದಿನ ಬೂಷ್ಟು ಒರೆಸಿ ಬಣ್ಣ ಬಳಿದರು. ಹೋಗುವಾಗ ನೆಲಮಾಳಿಗೆಯಲ್ಲಿ ಬಟ್ಟೆ ಒಣಗಿಸುವ ರೂಮೊಂದು ಇದೆ, ಹಳೇ ಮಂಚ, ಹಾಸಿಗೆ, ಬಿಟ್ಟುಹೋದ ಸೈಕಲ್ ತುಂಬಿ ಬೀಗ ಹಾಕಿದ್ದಾರೆ ಅಂದರು. ನಮ್ಮ ಮಹಡಿಯವರು ಸಹಿ ಹಾಕಿ ಕೇಳಿದೆವು. ಫೆಬ್ರವರಿ ಕೊನೆಗೆ ಸಾಮಾನು ಹೊರಗೆ ಹೋಯಿತು, ಹಗ್ಗ ಬಂತು.

ನನಗೆ ಈ ಊರಿನಲ್ಲಿ ಗೆಳೆಯರು ಸಿಕ್ಕಿದ್ದು ಆ ರೂಮಿನಲ್ಲಿ. ಅಡುಗೆಮನೆಯಲ್ಲಿ ಎಲ್ಲರಿಗೂ ಅವಸರ, ಕ್ಲಾಸಿನಲ್ಲಿ ನಮಸ್ಕಾರಕ್ಕಷ್ಟೇ ಮಾತು. ಬಟ್ಟೆ ಹರವುವಾಗ ಕೈಗೆ ಕೆಲಸ ಇರುತ್ತದೆ, ಸುಮ್ನೆ ಮಾತು ಬರುತ್ತದೆ. ಬೆಡ್‌ಶೀಟಿನ ಇನ್ನೊಂದು ತುದಿ ಹಿಡಿಯಲು ಯಾರಾದರೂ ಬೇಕೇ ಬೇಕು. ಜಾರ್ಜಿಯಾದ ಹುಡುಗಿಯೊಬ್ಬಳು ನನ್ನ ಒಣಗಿದ ಬಟ್ಟೆಗಳನ್ನು ಮಡಚಿ ಬುಟ್ಟಿಯಲ್ಲಿಟ್ಟು ಚೀಟಿ ಬರೆದಿದ್ದಳು, ಕಾಲುಚೀಲದ ಜೋಡಿ ಸಮೇತ. ಮುಂದಿನ ವಾರ ನಾನೂ ಅವಳದ್ದನ್ನು ಮಡಚಿಟ್ಟೆ. ಈಗ ನಮ್ಮ ಮಂಗಳವಾರದ ಗುಂಪಿನಲ್ಲಿ ಐದಾರು ಜನ ಇದ್ದೇವೆ. ನನ್ನ ಜರ್ಮನ್ ಸುಧಾರಿಸಿದ್ದು ಕೋರ್ಸಿಗಿಂತ ಅಲ್ಲೇ ಜಾಸ್ತಿ. ಭಾನುವಾರ ಅಂಗಡಿಗಳೆಲ್ಲ ಮುಚ್ಚಿದ್ದರೂ ಮುಖ್ಯ ರೈಲು ನಿಲ್ದಾಣದೊಳಗಿನ ಸೂಪರ್‌ಮಾರ್ಕೆಟ್ ತೆರೆದಿರುತ್ತದೆ ಅಂತ ಗೊತ್ತಾದದ್ದೂ ಅಲ್ಲೇ.

ಬೇಸಿಗೆಯಲ್ಲಿ ಈ ಕಷ್ಟ ಇಲ್ಲ. ಕಟ್ಟಡದ ಹಿಂದೆಯೂ ತಂತಿ ಇದೆ, ಜೂನ್‌ನಲ್ಲಿ ರಾತ್ರಿ ಒಂಬತ್ತಕ್ಕೂ ಬೆಳಕಿರುತ್ತದೆ. ಏಪ್ರಿಲ್‌ನಲ್ಲಿ ಔವಾಲ್ಡ್ ಕಾಡಿನ ಕಡೆ ಹೋದರೆ ಕಾಡುಬೆಳ್ಳುಳ್ಳಿ ಸೊಪ್ಪಿನ ಘಮ. ಅದನ್ನು ಇಲ್ಲಿಯವರು ಕಿತ್ತು ತಂದು ಅಡುಗೆಗೆ ಹಾಕುತ್ತಾರೆ.

ಡ್ರೈಯರ್ ಈಗಲೂ ಕೆಟ್ಟೇ ಇದೆ, ಅದಕ್ಕೆ ಒಂದು ಸ್ಟಾರ್ ಕಡಿಮೆ ಮಾಡುತ್ತೇನೆ. ಆಫೀಸಿನ ಆ ಹಾಳೆಗೆ ಇನ್ನರ್ಧ. ಉಳಿದದ್ದೆಲ್ಲ ಕೊಡುತ್ತೇನೆ, ಒಪ್ಪಂದವನ್ನೂ ಮುಂದುವರಿಸಿದ್ದೇನೆ. 992ರಲ್ಲಿ ಬದುಕುವವರಿಗೆ 290ರ ರೂಮು ದೊಡ್ಡ ಆಸರೆ. ತಿಂಗಳಿಗೆ ನೂರು ಯೂರೋ ಜಾಸ್ತಿ ಕೊಡಬಲ್ಲವರು ಬೇರೆ ಕಡೆಯೂ ನೋಡಬಹುದು.

ಸಿಕ್ಕಿದರೆ ಮೂಲೆ ರೂಮು ಬಿಟ್ಟು ನಡುವಿನ ರೂಮು ಕೇಳಿ. ಕೀ ತೆಗೆದುಕೊಳ್ಳುವ ದಿನವೇ ಬೀರು ಸರಿಸಿ ಹಿಂದಿನ ಗೋಡೆಯ ಫೋಟೋ ತೆಗೆಯಿರಿ. ಮೊದಲೇ ಕಲೆ ಇದ್ದರೆ ರೂಮು ಒಪ್ಪಿಸುವ ಪತ್ರದಲ್ಲಿ ಬರೆಸಿ, ಇಲ್ಲದಿದ್ದರೆ ಬಿಡುವಾಗ ನಿಮ್ಮ ಡೆಪಾಸಿಟ್ಟಿನಲ್ಲಿ ಹಿಡಿಯಬಹುದು. ಬಟ್ಟೆ ಒಣಗಿಸುವ ರೂಮು ಇದೆಯಾ, ಕೀ ಯಾರ ಹತ್ತಿರ ಇದೆ ಅಂತ ಸಹಿ ಹಾಕುವ ಮುಂಚೆಯೇ ಇಮೇಲಿನಲ್ಲಿ ಕೇಳಿ. ಉತ್ತರವನ್ನೂ ಇಮೇಲಿನಲ್ಲೇ ತೆಗೆದುಕೊಳ್ಳಿ.