ಜಯನಗರದ ಒಂದು ದಿನದ ರೇಕಿ ಕ್ಲಾಸು: ಬೆಳಗಿನ ಭಾಗಕ್ಕೆ ಪೂರ್ತಿ ಮಾರ್ಕು

ಸೆಂಟರಿನ ಹೆಸರು ಹಾಕುತ್ತಿಲ್ಲ, ಯಾಕಂದ್ರೆ ಮೆಚ್ಚಿದ್ದರ ಜೊತೆ ಬೈಯೋದೂ ಇದೆ. ಭಾನುವಾರ ಬೆಳಿಗ್ಗೆಯಿಂದ ಸಂಜೆವರೆಗೆ ರೇಕಿ ಮೊದಲ ಹಂತ. ರೇಕಿ ಅಂದ್ರೆ ಮೈಮೇಲೆ ಕೈ ಇಟ್ಟು ಜೀವಶಕ್ತಿ ಹರಿಸಿ ವಾಸಿ ಮಾಡುತ್ತೇವೆ ಅನ್ನೋ ಜಪಾನಿನ ಪದ್ಧತಿ. ಫೀಸು 4,500 ರೂಪಾಯಿ, ಊಟ ಸೇರಿ. ಹುಳಿ ಚೆನ್ನಾಗಿತ್ತು.

ಹೇಳಿಕೊಟ್ಟವರು ಬ್ಯಾಂಕಿನಿಂದ ರಿಟೈರ್ ಆದ ಒಬ್ಬ ಮೇಡಂ. ಅಬ್ಬರ ಇಲ್ಲ, ಪವಾಡದ ಕಥೆ ಇಲ್ಲ. ರೇಕಿ ಹುಟ್ಟುಹಾಕಿದ ಮಿಕಾವೊ ಉಸುಯಿ ಕ್ಯೋಟೋ ಹತ್ತಿರದ ಕುರಾಮಾ ಬೆಟ್ಟದಲ್ಲಿ ಉಪವಾಸ ಕೂತಿದ್ದು, 1922ರಲ್ಲಿ ಟೋಕಿಯೋದಲ್ಲಿ ಕಲಿಸೋಕೆ ಶುರು ಮಾಡಿದ್ದು, ಇಷ್ಟನ್ನು ಬೇಗ ಮುಗಿಸಿ ಉಳಿದ ಬೆಳಗನ್ನೆಲ್ಲ ಐದು ಸೂತ್ರಗಳಿಗೇ ಕೊಟ್ಟರು. ಇವತ್ತೊಂದು ದಿನ ಸಿಟ್ಟು ಮಾಡಲ್ಲ, ಚಿಂತೆ ಮಾಡಲ್ಲ, ಉಪಕಾರ ನೆನೆಯುತ್ತೇನೆ, ನನ್ನ ಕೆಲಸ ಮನಸಿಟ್ಟು ಮಾಡುತ್ತೇನೆ, ಎಲ್ಲರ ಜೊತೆ ಪ್ರೀತಿಯಿಂದ ಇರುತ್ತೇನೆ. ಬೆಳಿಗ್ಗೆ, ಸಂಜೆ ಕೈಮುಗಿದು ಕೂತು ಇದನ್ನು ಹೇಳಿಕೊಳ್ಳಬೇಕು ಅನ್ನೋದು ಉಸುಯಿ ಮಾಡಿಟ್ಟ ಪದ್ಧತಿ.

"ಜೀವಮಾನ ಪೂರ್ತಿ ಸಿಟ್ಟು ಬಿಡಿ ಅಂದ್ರೆ ಯಾರ ಕೈಲೂ ಆಗಲ್ಲಪ್ಪ, ರಾತ್ರಿ ಮಲಗೋವರೆಗೆ ಅಂದ್ರೆ ನೋಡೋಣ ಅನಿಸುತ್ತೆ" ಅಂದರು ಮೇಡಂ. ಹಿಂದಿನ ಸಾಲಿನ ಹುಡುಗ ಬಿಡಲಿಲ್ಲ, "ಸಿಲ್ಕ್ ಬೋರ್ಡ್ ಸಿಗ್ನಲ್ಲಲ್ಲೂನಾ ಮೇಡಂ?" ಅಂದ. "ಅಲ್ಲೇ ಶುರು ಮಾಡಿ. ಕೆಂಪು ದೀಪ ಬಿದ್ದ ಕೂಡಲೇ ಫೋನ್ ತೆಗೀಬೇಡಿ. ಹ್ಯಾಂಡಲ್ ಎಷ್ಟು ಬಿಗಿಯಾಗಿ ಹಿಡಿದಿದ್ದೀರ ನೋಡ್ಕೊಳ್ಳಿ, ಭುಜ ಇಳಿಸಿ, ಉಸಿರು ಗಮನಿಸಿ, ಹಸಿರು ಬರೋವರೆಗೆ ಅಷ್ಟೇ ಕೆಲಸ." ಇದು ರೇಕಿ ಅಲ್ಲ, ಈ ಕ್ಷಣ ಆಗ್ತಿರೋದನ್ನು ಸುಮ್ನೆ ಗಮನಿಸೋ ಮೈಂಡ್‌ಫುಲ್‌ನೆಸ್ ಅಂತ ಅವರೇ ಹೇಳಿದರು. ಜಾನ್ ಕಬತ್ ಝಿನ್ 1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ಶುರು ಮಾಡಿದ ಮೈಂಡ್‌ಫುಲ್‌ನೆಸ್ ಕೋರ್ಸು ಬೇರೆ, ರೇಕಿ ಬೇರೆ, ಎರಡನ್ನೂ ಕಲಸಬೇಡಿ ಅಂದರು. ಎಷ್ಟು ಜನ ಹೀಗೆ ಬಿಡಿಸಿ ಹೇಳ್ತಾರೆ?

ಸಿಗ್ನಲ್ ಪಾಠ ಈಗಲೂ ಮಾಡುತ್ತಿದ್ದೇನೆ. ಹಿಂದಿನ ಆಟೋದವರು ಹಾರ್ನ್ ಹೊಡೆದರೆ ಅರ್ಧ ದಿನ ತಿರುಗಿ ತಿರುಗಿ ಅದೇ ನೆನಪಾಗುತ್ತಿತ್ತು, ಈಗ ಮುಂದಿನ ಸಿಗ್ನಲ್ಲಿಗೆ ಮರೆತಿರುತ್ತೆ. ಚಿಂತೆ ಬಿಡೋದು ಮಾತ್ರ ಇನ್ನೂ ಆಗಿಲ್ಲ, ತಿಂಗಳ ಕೊನೆಯಲ್ಲಂತೂ ಕೇಳಲೇಬೇಡಿ.

ಮಧ್ಯಾಹ್ನ ದೀಕ್ಷೆ. ಕತ್ತಲೆ ರೂಮು, ಊದಿನಕಡ್ಡಿ, ಕೊಳಲಿನ ಸಂಗೀತ. ಒಬ್ಬರ ತಲೆ, ಭುಜದ ಮೇಲೆ ಇನ್ನೊಬ್ಬರು ಕೈ ಇಡೋದು. ಹಾಯಾಗಿತ್ತು, ನಿದ್ದೆ ಬಂತು, ಕೈ ಬೆಚ್ಚಗಾಯಿತು. ಅಷ್ಟು ಹೊತ್ತು ಸುಮ್ನೆ ಕೈ ಇಟ್ಟರೆ ಬೆಚ್ಚಗಾಗದೆ ಇನ್ನೇನು? ಆ ಶಕ್ತಿಯನ್ನು ಯಾವ ಉಪಕರಣವೂ ಇವತ್ತಿನವರೆಗೆ ಅಳೆದಿಲ್ಲ, ಕಾಯಿಲೆ ವಾಸಿಯಾಗುತ್ತೆ ಅನ್ನೋದಕ್ಕೆ ಗಟ್ಟಿ ಪುರಾವೆಯೂ ಇಲ್ಲ. ಹೀಗಿರುವಾಗ ಸಹಾಯಕ್ಕಿದ್ದ ಒಬ್ಬರು ನನ್ನ ಪಕ್ಕದ ಅಜ್ಜಿಗೆ ಶುಗರ್ ಮಾತ್ರೆ ನಿಧಾನಕ್ಕೆ ಕಮ್ಮಿ ಮಾಡಬಹುದು ಅಂದಾಗ ಮೈ ಉರಿಯಿತು. ಪುಣ್ಯಕ್ಕೆ ಮೇಡಂ ಕೇಳಿಸಿಕೊಂಡು, ಡಾಕ್ಟರ್ ಹೇಳದೆ ಒಂದು ಮಾತ್ರೆಯನ್ನೂ ಬಿಡಬೇಡಿ ಅಂತ ಎಲ್ಲರೆದುರೇ ಹೇಳಿದರು.

ಇನ್ನು ಸಂಜೆಯ ವ್ಯಾಪಾರ. ಮೊದಲ ಹಂತ ಆದಮೇಲೆ 21 ದಿನ ಅಭ್ಯಾಸ ಮಾಡಿ ಅನ್ನೋರೇ, ಎರಡನೇ ಹಂತಕ್ಕೆ ಇವತ್ತೇ ಕಟ್ಟಿದರೆ ಡಿಸ್ಕೌಂಟ್ ಅಂತ ಬಾಗಿಲ ಹತ್ತಿರ ನಿಂತಿದ್ದರು. ಪಕ್ಕದಲ್ಲೇ ಕಲ್ಲಿನ ಬ್ರೇಸ್ಲೆಟ್ಟು ಬೇರೆ. ನಾನು ಕಟ್ಟಲಿಲ್ಲ.

ಐದಕ್ಕೆ ಮೂರು ಸ್ಟಾರ್, ಮೂರೂ ಮೇಡಂಗೆ. ಬೆಳಗಿನ ಭಾಗವನ್ನಷ್ಟೇ ಅರ್ಧ ಫೀಸಿಗೆ ಇಟ್ಟರೆ ಅಕ್ಕ ಭಾವನನ್ನೂ ಕಳಿಸುತ್ತೇನೆ. ಹೋಗೋದಾದರೆ ಗ್ರೀನ್ ಲೈನ್ ಮೆಟ್ರೋ ಹಿಡಿದು ಹೋಗಿ, ಪಾರ್ಕಿಂಗ್ ಇಲ್ಲ.