‘ಗುಂಡಿನ ಕಾಳಗ ಕಂಡವನ ಪತ್ರ’ ಎಂದರೆ ನಂಬಬೇಡಿ, ದಯವಿಟ್ಟು

ಅರಿಜೋನಾದಲ್ಲಿರುವ ಕನ್ನಡಿಗರೇ, ಊರಿನಿಂದ ಬಂದ ಅಪ್ಪ ಅಮ್ಮನಿಗೆ, 1881ರ ಗುಂಡಿನ ಕಾಳಗಕ್ಕೆ ಹೆಸರಾದ ಹಳೆಯ ಊರು ಟೂಮ್‌ಸ್ಟೋನ್ ತೋರಿಸಲು ಹೋಗುವವರೇ, ಟೋಪಿ ಕೊಳ್ಳಿ, ಬೂಟು ಕೊಳ್ಳಿ. ಆದರೆ ‘ಗುಂಡಿನ ಕಾಳಗವನ್ನು ಕಣ್ಣಾರೆ ಕಂಡವನು ಬರೆದ ಪತ್ರ’ ಎಂದು ಯಾರಾದರೂ ಕಾಗದ ಬಿಚ್ಚಿದರೆ ಕೈಯಲ್ಲೂ ಮುಟ್ಟಬೇಡಿ. ಎರಡು ಸಾವಿರ ಡಾಲರಿಗೂ ಹೆಚ್ಚು ಕಳೆದುಕೊಂಡು ಹೇಳುತ್ತಿದ್ದೇನೆ.

ವ್ಯಾಪಾರಿಯ ಹೆಸರು ಹಾಕುತ್ತಿಲ್ಲ. ಹಾಕಿದರೆ ವಕೀಲರ ನೋಟಿಸ್ ಕಳಿಸುವುದಾಗಿ ಆತ ಬರೆದಿದ್ದಾನೆ. ಹಣ ವಾಪಸು ಕೇಳಿದಾಗ ವಾರಗಟ್ಟಲೆ ಸುಮ್ಮನಿದ್ದವನು ಈ ಉತ್ತರವನ್ನು ಮಾತ್ರ ಅದೇ ದಿನ ಕಳಿಸಿದ.

ಪತ್ರದ ಮೇಲೆ 1926ರ ತಾರೀಖು. ಹುಡುಗನಾಗಿದ್ದಾಗ ಟೂಮ್‌ಸ್ಟೋನ್‌ನ ಮದ್ಯದಂಗಡಿಯಲ್ಲಿ ಲೋಟ ತೊಳೆಯುತ್ತಿದ್ದ ಮುದುಕನೊಬ್ಬ ತನ್ನ ಸೋದರ ಸೊಸೆಗೆ ಬರೆದದ್ದಂತೆ. 1881ರ ಅಕ್ಟೋಬರ್ 26ರಂದು ಕಾನೂನಿನ ಕಡೆಯ ವ್ಯಾಟ್ ಅರ್ಪ್, ಅವನ ಅಣ್ಣ ವರ್ಜಿಲ್, ತಮ್ಮ ಮಾರ್ಗನ್, ಜೊತೆಗೆ ಅವರ ಗೆಳೆಯ ಡಾಕ್ ಹಾಲಿಡೇ ಬೀದಿಯಲ್ಲಿ ನಡೆದು ಬಂದದ್ದು, ಅವರ ಎದುರಾಳಿಗಳಾದ ಬಿಲ್ಲಿ ಕ್ಲ್ಯಾಂಟನ್ ಮತ್ತು ಮೆಕ್ಲೌರಿ ಸಹೋದರರಿಬ್ಬರು ಕುದುರೆ ಕಟ್ಟುವ ಅಂಗಳವಾದ ಓ.ಕೆ. ಕೊರಾಲ್‌ನ ಒಳಗೆ ಬಿದ್ದದ್ದು, ಎಲ್ಲವೂ ಇತ್ತು. ವ್ಯಾಟ್‌ನ ಕೈಯಲ್ಲಿ ಹನ್ನೆರಡು ಇಂಚು ನಳಿಕೆಯ ಕೋಲ್ಟ್ ರಿವಾಲ್ವರ್, ‘ಬಂಟ್‌ಲೈನ್ ಸ್ಪೆಷಲ್’. ಅಂಥದ್ದೇ ಇನ್ನೊಂದು ತನ್ನ ಪೆಟ್ಟಿಗೆಯಲ್ಲಿದೆ ಎಂದು ಮುದುಕ ಕೊನೆಯಲ್ಲಿ ಬರೆದಿದ್ದ.

ಗಾಳ ಇದ್ದದ್ದು ಅಲ್ಲಿ. ಆ ರಿವಾಲ್ವರ್ ಇನ್ನೂ ಅವರ ಮನೆತನದಲ್ಲೇ ಇದೆ, ಪತ್ರ ಯಾರ ಬಳಿ ಇರುತ್ತದೋ ಅವರಿಗೇ ಮೊದಲು ಕೊಡುತ್ತಾರೆ ಎಂದ ವ್ಯಾಪಾರಿ. ಕುಖ್ಯಾತ ಪಾತಕಿ ಬಿಲ್ಲಿ ದ ಕಿಡ್‌ನನ್ನು ಕೊಂದ ಪ್ಯಾಟ್ ಗ್ಯಾರೆಟ್‌ನ ಕೋಲ್ಟ್ 2021ರ ಹರಾಜಿನಲ್ಲಿ 60 ಲಕ್ಷ ಡಾಲರಿಗೂ ಮೇಲೆ ಹೋದದ್ದನ್ನು ನೆನಪಿಸಿದ. ಯಾರಿಗೆ ತಲೆ ತಿರುಗುವುದಿಲ್ಲ ಹೇಳಿ! ಪತ್ರ ಕೊಂಡೆ, ಚೌಕಟ್ಟು ಹಾಕಿಸಿದೆ, ಫೀನಿಕ್ಸ್‌ನ ಕನ್ನಡದ ಗೆಳೆಯರನ್ನು ಊಟಕ್ಕೆ ಕರೆದು ಅದರ ಮುಂದೆ ನಿಂತು ಭಾಷಣವನ್ನೂ ಮಾಡಿದೆ. ಅವರೆಲ್ಲ ಈಗ ನನ್ನನ್ನು ಕಂಡರೆ ‘ಶೆರೀಫರು ಬಂದರು’ ಎನ್ನುತ್ತಾರೆ.

ಆಮೇಲೆ ರಿವಾಲ್ವರಿಗೆ ಮುಂಗಡ ಕೊಡಿ ಎಂದು ಫೋನ್ ಬಂತು. ದೊಡ್ಡ ಮೊತ್ತ. ಕೊಡುವ ಮುನ್ನ ಪತ್ರವನ್ನು ಚೌಕಟ್ಟಿನಿಂದ ತೆಗೆದೆ. ಲಕೋಟೆ ಅಪ್ಪಟ ಹಳೆಯದು: ವಾಷಿಂಗ್ಟನ್ ಮುಖದ ಕೆಂಪು ಎರಡು ಸೆಂಟಿನ ಅಂಚೆಚೀಟಿ, 1926ರ ಮೊಹರು. ಪತ್ರವನ್ನು ಅದರದೇ ಮಡಿಕೆಯ ಗೆರೆಗಳಲ್ಲಿ ಮಡಿಸಿ ಒಳಗೆ ಹಾಕಲು ನೋಡಿದೆ. ಹೋಗಲಿಲ್ಲ. ತಿರುಗಿಸಿ ಹಾಕಿದೆ, ಹೋಗಲಿಲ್ಲ. ಎರಡು ಬೆರಳು ಅಗಲ ಹೊರಗೇ ಉಳಿಯಿತು. ಆ ಪತ್ರ ಆ ಲಕೋಟೆಯಲ್ಲಿ ಯಾವತ್ತೂ ಇರಲೇ ಇಲ್ಲ! ಯಾರೋ ಯಾರಿಗೋ ಬರೆದ ಪತ್ರದ ಖಾಲಿ ಲಕೋಟೆ ಅದು. ಹೆಂಡತಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಒಂದು ಮಾತೂ ಆಡಲಿಲ್ಲ, ಬೈದಿದ್ದರೇ ವಾಸಿಯಿತ್ತು.

ಅದೇ ರಾತ್ರಿ ನೇರಳಾತೀತ ದೀಪ ಹಿಡಿದೆ. ಲಕೋಟೆ ಮಂಕಾಗಿತ್ತು, ಕಾಗದ ನೀಲಿಯಾಗಿ ಹೊಳೆಯಿತು. ಹಾಗೆ ಹೊಳೆಯುವುದು ಬಿಳುಪು ಹೆಚ್ಚಿಸುವ ರಾಸಾಯನಿಕ ಸೇರಿಸಿದ ಕಾಗದ, ಅದು ಎರಡನೆಯ ಮಹಾಯುದ್ಧದ ಈಚಿನದು. ಮೇಲಿನ ಹಳದಿ ಬಣ್ಣ ಬಹುಶಃ ಚಹಾದ ಕೃಪೆ.

ಇನ್ನು ಬಂಟ್‌ಲೈನ್ ಕಥೆ. ನೆಡ್ ಬಂಟ್‌ಲೈನ್ ಎಂಬ ಲೇಖಕ ಉದ್ದ ನಳಿಕೆಯ ರಿವಾಲ್ವರುಗಳನ್ನು ವ್ಯಾಟ್ ಮತ್ತು ಅವನ ಜೊತೆಗಾರರಿಗೆ ಕೊಟ್ಟ ಎಂಬ ಮಾತನ್ನು ಹಬ್ಬಿಸಿದ್ದು ವ್ಯಾಟ್ 1929ರಲ್ಲಿ ಸತ್ತ ಮೇಲೆ, 1931ರಲ್ಲಿ ಬಂದ ಅವನ ಜೀವನಚರಿತ್ರೆ. ಅಂಥ ಆರ್ಡರ್ ಕೋಲ್ಟ್ ಕಂಪನಿಯ ದಾಖಲೆಯಲ್ಲಿಲ್ಲ. 1926ರ ಮುದುಕನಿಗೆ ಆ ಹೆಸರು ಹೇಗೆ ಗೊತ್ತಾಯಿತು? ಕಾಳಗ ನಡೆದದ್ದು ಕೂಡ ಕೊರಾಲ್‌ನ ಒಳಗಲ್ಲ, ಫ್ರೀಮಾಂಟ್ ಬೀದಿಯ ಪಕ್ಕದ ಖಾಲಿ ನಿವೇಶನದಲ್ಲಿ, ಫ್ಲೈ ಎಂಬವನ ಫೋಟೋ ಸ್ಟುಡಿಯೋ ಬಳಿ.

ಇದನ್ನೆಲ್ಲ ಬರೆದು ಕಳಿಸಿದೆ. ಉತ್ತರಗಳನ್ನು ಓದಿ.

ಜಾಗದ ಬಗ್ಗೆ: ‘ಮುದುಕ ಪಾಪ, ವಯಸ್ಸಾದವರಿಗೆ ನೆನಪು ತಪ್ಪುತ್ತದೆ.’

ಬಂಟ್‌ಲೈನ್ ಬಗ್ಗೆ: ‘ಜೀವನಚರಿತ್ರೆ ಬರೆದವನು ಇಂಥ ಮುದುಕರಿಂದಲೇ ಕೇಳಿರಬಹುದು. ಹಾಗಾದರೆ ನಿಮ್ಮ ಪತ್ರಕ್ಕೆ ಇನ್ನೂ ಹೆಚ್ಚು ಬೆಲೆ, ಅಭಿನಂದನೆ!’ ಅಭಿನಂದನೆಯಂತೆ.

ಕಾಗದದ ಬಗ್ಗೆ: ‘ನಿಮ್ಮ ದೀಪ ಅಗ್ಗದ್ದಿರಬೇಕು.’

ಲಕೋಟೆಯ ಬಗ್ಗೆ ಉತ್ತರವೇ ಇಲ್ಲ. ಮತ್ತೆ ಕೇಳಿದೆ, ಮತ್ತೆ ಕೇಳಿದೆ. ಕೊನೆಗೆ ಬಂದದ್ದು ಇಷ್ಟು: ‘ರಸೀದಿ ನೋಡಿ.’ ನೋಡಿದೆ. ‘ಹಳೆಯ ಪಶ್ಚಿಮದ ವಿಷಯದ ಕಾಗದಪತ್ರ, ಇದ್ದ ಸ್ಥಿತಿಯಲ್ಲಿ.’ 1926 ಇಲ್ಲ, ಅಸಲಿ ಎಂಬ ಮಾತಿಲ್ಲ. ಬಾಯಲ್ಲಿ ಹೇಳಿದ್ದೆಲ್ಲ ಬಾಯಲ್ಲೇ ಉಳಿದಿತ್ತು. ಕಾರ್ಡ್ ಕೊಟ್ಟ ಬ್ಯಾಂಕಿನವರೂ ಅದೇ ರಸೀದಿ ತೋರಿಸಿ ಕೈ ಚೆಲ್ಲಿದರು.

ಅಸಲಿ ಪತ್ರ ಹೇಗಿರುತ್ತದೆ ಗೊತ್ತೇ? ಹಳೆಯ ಪಶ್ಚಿಮದ ಹೆಸರಾಂತ ಮಾಜಿ ಶೆರೀಫ ಬ್ಯಾಟ್ ಮಾಸ್ಟರ್ಸನ್ 1885ರಲ್ಲಿ ಡಾಡ್ಜ್ ಸಿಟಿಯಿಂದ ಕೋಲ್ಟ್ ಕಂಪನಿಗೆ ಬರೆದದ್ದಿದೆ. ರಿವಾಲ್ವರಿಗೆ ನಿಕ್ಕಲ್ ಲೇಪ ಬೇಕು, ಟ್ರಿಗರ್ ಹಗುರಾಗಿ ಎಳೆಯುವಂತಿರಲಿ, ಮುಂದಿನ ಗುರಿಕಡ್ಡಿ ತುಸು ಎತ್ತರ ಮತ್ತು ದಪ್ಪ ಇರಲಿ, ಅಷ್ಟೇ. ದರ್ಜಿಗೆ ಅಳತೆ ಹೇಳಿದಂತೆ. ಹೆಣ ಬಿದ್ದ ಕಥೆಯಿಲ್ಲ. ನಮ್ಮ ಮುದುಕನ ಪತ್ರದಲ್ಲಿ ಗಿರಾಕಿಗೆ ಬೇಕಾದ ಹೆಸರೆಲ್ಲ ಒಂದೂ ಬಿಡದೆ ಬಂದಿದ್ದವು. ಈ ದಂಧೆ ಹೊಸದೂ ಅಲ್ಲ. ಇದೇ ಮಾಸ್ಟರ್ಸನ್ ಮುಂದೆ ನ್ಯೂಯಾರ್ಕಿನಲ್ಲಿ ಪತ್ರಕರ್ತನಾಗಿದ್ದಾಗ ಹಳೆಯ ರಿವಾಲ್ವರ್ ತಂದು, ಹಿಡಿಯ ಮೇಲೆ ಕೊಂದವರ ಲೆಕ್ಕವೆಂಬಂತೆ ಗೀಟು ಕೊರೆದು, ಕಾಡಿಸುವ ಸಂಗ್ರಾಹಕರಿಗೆ ತನ್ನದೆಂದು ದಾಟಿಸುತ್ತಿದ್ದ ಎಂಬ ಕಥೆಯಿದೆ.

ಕೊಳ್ಳಲೇಬೇಕು ಎನ್ನುವವರು ರಸೀದಿಯಲ್ಲಿ ‘ಅಸಲಿ’ ಎಂದೂ ವರ್ಷವನ್ನೂ ಬರೆಸಿಕೊಳ್ಳಿ. ಬರೆಯುವುದಿಲ್ಲ ಎಂದರೆ ಎದ್ದು ಬನ್ನಿ. ಪತ್ರವನ್ನು ಲಕೋಟೆಗೆ ಹಾಕಿ ನೋಡಿ, ಅಂಗಡಿಯಲ್ಲೇ, ಅವನ ಮುಂದೆಯೇ.

ಈಗ ಅವನ ಬಳಿ ಇನ್ನೊಂದು ಪತ್ರ ಮಾರಾಟಕ್ಕಿದೆ. ಡಾಡ್ಜ್ ಸಿಟಿಯ ಕ್ಷೌರಿಕನೊಬ್ಬ ಮಾಸ್ಟರ್ಸನ್ ಬಗ್ಗೆ ಬರೆದದ್ದಂತೆ. ಚಿತ್ರ ನೋಡಿದೆ. ಇಂಗ್ಲಿಷಿನ ‘ಟಿ’ ಅಕ್ಷರದ ಅಡ್ಡಗೆರೆ ಬಲಕ್ಕೆ ಮೇಲೇರುತ್ತದೆ, ‘ಜಿ’ಯ ಬಾಲ ಕೊಕ್ಕೆಯಾಗಿ ಎಡಕ್ಕೆ ತಿರುಗುತ್ತದೆ, ನನ್ನ ಲೋಟ ತೊಳೆಯುವ ಹುಡುಗನ ಕೈಬರಹದಲ್ಲಿ ಇದ್ದ ಹಾಗೆಯೇ. ಬೆಲೆ ಮಾತ್ರ ನನ್ನದಕ್ಕಿಂತ ಹೆಚ್ಚು ಇಟ್ಟಿದ್ದಾನೆ.